ದಮ್ಮ ಹತ್ತಿದ್ದು ಹೇಳಬ್ಯಾಡ

ವಿದ್ಯಾಗಿರಿ, ಬಾಗಲಕೋಟೆ
9 ಜೂನ್ 2024

ಗುರುಲಿಂಗವ್ವ ಅಕ್ಕಾರಿಗೆ ರೂಬಿ ಮಾಡೂ ಸಲಾಮು.

ನೀವು ನನ್ನ ನೋಡಿಲ್ರಿ. ನಾ ಮಾತ್ರ ನಿಮ್ಮನ್ನ ದಿನಾ ನೋಡ್ತಿದ್ದೆ, ಫೋನಿನಾಗ. ‘ಗುರು ಅಕ್ಕಾ ಫ್ಯಾನ್ಸ್’ ಅಂತ ವಾಟ್ಸಾಪ್ ಗ್ರೂಪ್ ಐತಲ್ರಿ, ಅದರಾಗ ಮುಂಜಾನಿ ಮೊದಲ ಮೆಸೇಜ್ ಹಾಕಾಕಿ ನಾನ. ನೀವು ನ್ಯಾಷನಲ್ಸ್‌ದಾಗ ಬೆಳ್ಳಿ ಗೆದ್ದ ವಿಡಿಯೋ ಎಷ್ಟ ಸಲ ಫಾರ್ವರ್ಡ್ ಮಾಡೇನಂದ್ರ ನಮ್ಮ ಮಾಮಾ ನನ್ನ ಬ್ಲಾಕ್ ಮಾಡ್ಯಾನ.

ಈಗ ನಾನೂ ಸೈಕ್ಲಿಂಗ್ ಹಾಸ್ಟೆಲಿಗೆ ಸೇರೇನಿ. ಇಲ್ಲಿ ಫೋನ್ ಇಲ್ರಿ. ವಾರ್ಡನ್ ಶಿವಬಸವ್ವ ಮೇಡಂ ಎಲ್ಲಾರ ಫೋನ್ ಕಪಾಟಿನಾಗ ಇಟ್ಟು ಕೀಲಿ ಹಾಕ್ಯಾರ. ರವಿವಾರ ಒಂದೀಟ ಹೊತ್ತು ಕೊಡ್ತಾರ, ಅದೂ ಮನಿಗೆ ಮಾತಾಡಾಕ ಅಷ್ಟ. ನಾ ಅತ್ತೆ. “ಪತ್ರಾ ಬರಿಯವ್ವಾ, ಅದಕ್ಕ ಯಾರ ಬ್ಯಾಡಂತಾರ” ಅಂದ್ರು. ಅವರು ಚಾಷ್ಟಿ ಮಾಡಿದ್ದು. ನಾ ಖರೆ ಅಂತ ತಿಳಕೊಂಡು ಪೋಸ್ಟ್ ಆಫೀಸಿಗೆ ಹೋಗಿ ಕವರ್ ತಂದೆ. ಜೀವನದಾಗ ಇದು ನನ್ನ ಮೊದಲನೇ ಪತ್ರರಿ. ಇದರಾಗ ಬ್ಲೂ ಟಿಕ್ ಬರೂದಿಲ್ಲ, ನೀವು ಓದಿದ್ರೋ ಇಲ್ಲೋ ಹೆಂಗ ಗೊತ್ತಾಗಬೇಕು?

ಒಂದ ನಿಮಿಷರಿ.

ಹಾಂ, ಬಂದೆ. ಊಟದ ಗಂಟಿ ಹೊಡದಿತ್ತು.

ನಮ್ಮೂರು ಹುನಗುಂದ. ಅಬ್ಬಾನ ಹೆಸರು ಮಲೀಕಸಾಬ, ಪಂಕ್ಚರ್ ಅಂಗಡಿ ಐತಿ. ಅಂಗಡ್ಯಾಗ ನಿಮ್ಮ ಫೋಟೋ ಅಂಟಿಸೇನಿ. ಬಂದವರು “ಇಕಿ ಯಾರು, ನಿಮ್ಮ ಮಗಳೇನ?” ಅಂತಾರ. ಅಬ್ಬಾ “ಹೂಂ, ದೊಡ್ಡಾಕಿ” ಅಂದುಬಿಡ್ತಾನ. ಸುಳ್ಳ ಹೇಳಿದ್ದಕ್ಕ ಸಿಟ್ಟ ಆಗಬ್ಯಾಡ್ರಿ.

ನೀವು ಹೆರಿಗಿಗೆ ಇಳಕಲ್ಲಿಗೆ ತವರಮನಿಗೆ ಬಂದೀರಂತ ಗ್ರೂಪಿನಾಗ ಗೊತ್ತಾಗಿತ್ತು. ಅದಕ್ಕ ಅಲ್ಲಿಗೇ ಹಾಕೇನಿ. ಒಂದ ಪ್ರಶ್ನೆ ಕೇಳ್ತೇನಿ, ಉತ್ತರಾ ಕೊಡ್ರಿ. ಏರು ಬಂದ್ರ ನನಗ ದಮ್ಮ ಹತ್ತತೈತಿ. ನೀವು ಇಂಟರ್‌ವ್ಯೂದಾಗ “ದಮ್ಮ ಹತ್ತಿದ್ದು ಮುಖದಾಗ ತೋರಸಬಾರದು, ಬಾಜೂದಾಕಿ ನೋಡಿದ್ಲಂದ್ರ ಅಲ್ಲೇ ಜಿಗದು ಮುಂದ ಹೋಗ್ತಾಳ” ಅಂದಿದ್ರಿ. ನನ್ನ ಸ್ಟೇಟಸ್ ಅದ ಇತ್ತು. ಆದ್ರ ಮುಖಾ ಹೆಂಗ ಮುಚ್ಚಬೇಕ್ರಿ?

ನಿಮ್ಮ ರೂಬಿ


ಇಳಕಲ್ಲ
18 ಜೂನ್ 2024

ರೂಬಿಗೆ ಶರಣು.

ನಿನ್ನ ಪತ್ರಾ ಓದಿ ನಕ್ಕೆ. ಅವ್ವ ಒಳಗಿಂದ ಬಂದು “ಯಾರ್ದವಾ, ಏನ ಬರದಾರ” ಅಂದ್ಲು. ನನಗ ಹುನಗುಂದದಾಗ ಇನ್ನೊಬ್ಬ ಅಪ್ಪ ಅದಾನಂತ, ಅಂದೆ.

ಮುಖಾ ಮುಚ್ಚೂದು ಹೇಳಿಕೊಡೂದಲ್ಲ. ಬಾಯಿ ತೆಗೀಬ್ಯಾಡ, ಮೂಗಿನಾಗ ಉಸರ ತಗೋ, ಕಣ್ಣ ಮುಂದಿನ ಚಕ್ರದ ಮ್ಯಾಲ ಇರ್ಲಿ. ಯಾರರ ಕೇಳಿದ್ರ “ಆರಾಮ ಐತಿ” ಅನ್ನು. ಹತ್ತ ಸಲ ಅಂದ್ರ ನಿನಗೂ ಖರೆ ಅನಸತೈತಿ. ನಾ ಗೆದ್ದದ್ದು ಕಾಲಿನಿಂದ ಕಡಿಮಿ, ಮುಖದಿಂದ ಜಾಸ್ತಿ.

ನನ್ನ ಫಿಟ್‌ನೆಸ್ ಪೂರಾ ಹೋಗೈತಿ ನೋಡು. ಮಾಳಗಿ ಮ್ಯಾಲ ಅರಿವಿ ಒಣಹಾಕಾಕ ಹೋದ್ರ ನಡು ಮೆಟ್ಟಲದಾಗ ನಿಲ್ಲತೇನಿ. ಅವ್ವ ಹೊರಗ ಹೋದಾಗ ಸೈಕಲ್ ಸ್ಟ್ಯಾಂಡಿಗೆ ಹಾಕಿ ಒಂದೀಟ ತುಳಿತೇನಿ, ಒಂದ ಹಾಡ ಮುಗಿಯೂದ್ರಾಗ ಸಾಕಾಗತೈತಿ. ಆರ ತಿಂಗಳ ಕುಂತ ಉಂಡ್ರ ಇನ್ನೇನಾಗತೈತಿ.

ಮೊನ್ನೆ ಕುಬಸ ಮಾಡಿದ್ರು. ಹಸರ ಇಳಕಲ್ ಸೀರಿ, ಕೈತುಂಬ ಬಳಿ. ಆರತಿ ಹಿಡದ ಹೆಣ್ಮಕ್ಕಳು “ಮುಖಾ ಎಷ್ಟ ತುಂಬಿ ಬಂದೈತಿ, ಹೆಣ್ಣ ಕೂಸ ನೋಡವಾ” ಅಂದ್ರು. ಕಾಲೂ ತುಂಬಿ ಬಂದಾವು, ಅದನ್ನ ಯಾರೂ ನೋಡಲಿಲ್ಲ. ಕಾಲುಂಗುರ ಸಾಬೂನ ಹಚ್ಚಿ ತಗದೆ.

ತಪಾಸಣಿಗೆ ಹೋದಾಗ ನರ್ಸ್ ನಾಡಿ ಹಿಡದು “ತೊಂಬತ್ತಾರು, ನಾರ್ಮಲ್” ಅಂತ ಬರಕೊಂಡ್ಲು. ನಂದು ಯಾವತ್ತೂ ಐವತ್ತು ದಾಟಿದ್ದಿಲ್ಲ. ಕಡೀಕೂ ಎಲ್ಲಾರಂಗ ಆದೆ ಅಂತ ನಗು ಬಂತು.

ಶಿರೂರ ರಸ್ತ್ಯಾಗ ದಿನಾ ಹೋಗು. ಏರು ನಿನ್ನ ಗುರ್ತಾ ಹಿಡೀಬೇಕು.

ಗುರುಲಿಂಗವ್ವ


ವಿದ್ಯಾಗಿರಿ, ಬಾಗಲಕೋಟೆ
1 ಜುಲೈ 2024

ಅಕ್ಕಾ, ಅಕ್ಕಾ, ಅಕ್ಕಾ,

ನಿಮ್ಮ ಪತ್ರಾ ಇಡೀ ಹಾಸ್ಟೆಲ್ ಓದೈತ್ರಿ. ಕೋಚ್ ಈರಪ್ಪ ಸರ್‌ಗೂ ತೋರಿಸಿದೆ. “ಬರೂ ವರ್ಷ ಆಕಿ ಹೊಳ್ಳಿ ಇಳೀತಾಳ, ಬರದಿಟ್ಕೋ” ಅಂದ್ರು.

ಈಗ ನನ್ನ ಸುದ್ದಿ. ಶನಿವಾರ ನಮ್ಮ ಹಾಸ್ಟೆಲ್ ಟ್ರಯಲ್ ಇತ್ತು, ಶಿರೂರಿಗೆ ಹೋಗಿ ಹೊಳ್ಳಿ ಬರೂದು. ನಾನ ಫಸ್ಟ್ ಬಂದೆ. ಹೊಳ್ಳಿ ಬರೂಮುಂದ ಗಾಳಿ ಬೆನ್ನಿಗೆ ಬಿದ್ದಿತ್ತು, ಸೈಕಲ್ ತಾನ ಹೊಂಟಿತ್ತು. ಮುಖಾ ಕಲ್ಲಿನಂಗ ಇಟ್ಟಿದ್ದೆ. ಈರಪ್ಪ ಸರ್ ಚಪ್ಪಾಳಿ ಹೊಡದ್ರು.

ನೀವು ದಮ್ಮ ಹತ್ತತೈತಿ ಅಂತ ತುಳಿಯೂದು ಬಿಡಬ್ಯಾಡ್ರಿ ಮತ್ತ. ಇವತ್ತ ಒಂದ ಹಾಡಾದ್ರ ನಾಳಿ ಎರಡ ಹಾಡು. ಗ್ರೂಪಿನಾಗ ಒಬ್ಬಾಕಿ ಒಂಬತ್ತನೇ ತಿಂಗಳದಾಗೂ ಸೈಕಲ್ ಹೊಡಿಯೂ ವಿಡಿಯೋ ಹಾಕಿದ್ಲು, ಫಾರಿನ್ ಹೆಂಗಸು. ನಮ್ಮ ಅಕ್ಕಾ ಆಕಿಗಿಂತ ಕಡಿಮಿ ಏನ್ರಿ.

ಉತ್ತರಾ ಲಗೂ ಬರೀರಿ.

ರೂಬಿ


ಹೈದರಾಬಾದ್
24 ಜುಲೈ 2024

ರೂಬಿ,

ಉತ್ತರಾ ತಡ ಆತು. ನಿನ್ನ ಪತ್ರಾ ಇವರು ಇಲ್ಲಿಗೆ ತಂದ್ರು. ಇವರು ಅಂದ್ರ ನಮ್ಮ ಯಜಮಾನ್ರು ನಾಗಲಿಂಗ, ಬದಾಮ್ಯಾಗ ಲೈನ್‌ಮನ್ ಅದಾರ.

ಗಾಬರಿ ಆಗಬ್ಯಾಡ. ದವಾಖಾನ್ಯಾಗ ಅದೇನಿ. ಮಾಳಗಿ ಮ್ಯಾಲ ಕುಂತಾಕಿ ಏಳಾಕ ಆಗಲಿಲ್ಲ, ಅಷ್ಟ. ಮಕ್ಕೊಂಡ್ರ ನೀರಾಗ ಮುಳಗಿದಂಗ ಆಗೂದು. ಬಾಗಲಕೋಟ್ಯಾಗ ಎದಿ ಎಕೋ ಮಾಡಿದ ಡಾಕ್ಟರ್ ಪರದೆ ಮತ್ತ ಮತ್ತ ನೋಡಿದ್ರು. ನನಗೇನೂ ಹೇಳದ ಇವರನ್ನ ಹೊರಗ ಕರದ್ರು. ಅಲ್ಲಿಂದ ಆಂಬುಲೆನ್ಸಿನಾಗ ಇಲ್ಲಿಗೆ.

ಹೃದಯ ಹಿಗ್ಗಿ ಸೋತೈತಂತ. ದಿನಾ ತುಂಬಿದ ಬಸರಾಗ ಒಬ್ಬೊಬ್ಬರಿಗೆ ಹಿಂಗ ಆಗತೈತಂತ, ಯಾಕಂತ ಅವರಿಗೂ ಪೂರಾ ಗೊತ್ತಿಲ್ಲ. “ಎಷ್ಟ ದಿನದಿಂದ ದಮ್ಮ ಹತ್ತೈತಿ” ಅಂತ ಕೇಳಿದ್ರು. ಪ್ರಾಕ್ಟೀಸ್ ತಪ್ಪಿದ್ದಕ್ಕ ಅಂತ ತಿಳಕೊಂಡಿದ್ದೆ ಅಂದೆ. ಡಾಕ್ಟರ್ ಪೆನ್ ಕೆಳಗಿಟ್ಟು ನನ್ನ ಮುಖಾ ನೋಡಿದ್ರು.

ಬಲ ಭುಜದ ಹತ್ತಿರ ಕೊಯ್ದು, ರಕ್ತನಾಳದಾಗಿಂದ ಒಂದ ಸಣ್ಣ ಪಂಪ ಹೃದಯದೊಳಗ ಇಳಿಬಿಟ್ಟಾರ. ಪೆನ್ನಿನ ರಿಫಿಲ್‌ಗಿಂತ ಒಂದೀಟ ದಪ್ಪ. ಅದರ ವಾಯರು ಹೊರಗ ಒಂದ ಡಬ್ಬಿಗೆ ಹೋಗೈತಿ. ನನ್ನ ಹೃದಯ ತಳ್ಳಬೇಕಾದ ರಕ್ತಾ ಈಗ ಅದು ತಳ್ಳತೈತಿ. ಎಡಬಿಡದ ತಳ್ಳತೈತಿ, ಅದಕ್ಕ ಮಣಿಕಟ್ಟ ಹಿಡದ್ರ ನಾಡಿ ಸರಿಯಾಗಿ ಸಿಗೂದಿಲ್ಲ. ಅವ್ವ ಒಂದ ಸಲ ಹಿಡದು ನೋಡಿದ್ಲು, ಆಮ್ಯಾಲ ಹಿಡಿಯೂದ ಬಿಟ್ಲು.

ಕೊರಳಾಗಿನ ಲಿಂಗ ಬಿಚ್ಚಬೇಕಂದಾಗ ಅವ್ವ ಭಾಳ ಅತ್ಲು. ಈಗ ಎಡಗೈ ರೆಟ್ಟಿಗೆ ಕಟ್ಟ್ಯಾರ. ಇವರು ಬಂದಾಗೊಮ್ಮೆ ಮೊದಲ ನನ್ನ ನೋಡೂದಿಲ್ಲ, ಡಬ್ಬಿ ಪ್ಲಗ್ ನೋಡ್ತಾರ. “ಕರೆಂಟ್ ಹೋದ್ರ ಹೆಂಗ್ರಿ, ಬ್ಯಾಟರಿ ಎಷ್ಟ ತಾಸ” ಅಂತ ದಿನಾ ಬ್ಯಾರೆ ಬ್ಯಾರೆ ನರ್ಸಿಗೆ ಕೇಳ್ತಾರ. ಲೈನ್‌ಮನ್ ಬುದ್ಧಿ.

ಕೂಸು ಆರಾಮ ಐತಿ. ಒಂದ ಪರದ್ಯಾಗ ನಂದು, ಇನ್ನೊಂದರಾಗ ಕೂಸಿಂದು ಬಡಿತ ತೋರಸ್ತಾರ. ಕೂಸಿಂದು ಸ್ಪ್ರಿಂಟ್ ಹೊಡಿಯಾಕತ್ತೈತಿ. ಇನ್ನೆರಡ ವಾರ ಹೊಟ್ಯಾಗ ಇದ್ರ ಚೊಲೊ ಅಂತ ಪಂಪ ಇಟ್ಕೊಂಡು ಕಾಯಾಕತ್ತಾರ.

ನೀ ಗೆದ್ದಿದ್ದು ಚೊಲೊ ಆತು. ಶಿರೂರ ರಸ್ತೆ ಈಗ ಹೆಂಗೈತಿ, ಇನ್ನೊಂದ ಸಲ ಬರಿ.

ಗುರುಲಿಂಗವ್ವ


ವಿದ್ಯಾಗಿರಿ, ಬಾಗಲಕೋಟೆ
31 ಜುಲೈ 2024

ಅಕ್ಕಾರಿಗೆ,

ಹೈದರಾಬಾದ್ ಅಂತ ನೋಡಿ ನೀವು ಬಿರ್ಯಾನಿ ಉಣ್ಣಾಕ ಹೋಗೀರಿ ಅಂತ ಮಾಡಿದ್ದೆ. ಆಮ್ಯಾಲ ಓದಿದೆ.

ಶಿವಬಸವ್ವ ಮೇಡಂ ಹೊತ್ತ ಮುಳುಗೂತನಕ ನನ್ನ ಜೋಡಿ ಮೆಟ್ಟಲ ಮ್ಯಾಲ ಕುಂತಿದ್ರು. ಶೇಂಗಾ ಸುಲದು ಸುಲದು ಕೊಟ್ರು.

ಆದ್ರ ಅಕ್ಕಾ, ಒಂದ ಮಾತು. ನಿಮಗ ಮೋಟರ್ ಹಾಕ್ಯಾರ ಅಂದಂಗಾತು. ಫೆಡರೇಶನ್‌ನವರಿಗೆ ಗೊತ್ತಾದ್ರ ಬ್ಯಾನ್ ಮಾಡ್ತಾರ. ಸೈಕಲ್ ಫ್ರೇಮಿನಾಗ ಮೋಟರ್ ಇಟ್ಟವರನ್ನ ಕೇಳೇನಿ, ಎದ್ಯಾಗ ಇಟ್ಟವರು ನೀವ ಮೊದಲ. ನಗ್ರಿ ಮತ್ತ. ನೀವು ನಕ್ರ ಪಂಪಿಗೆ ಕೆಲಸ ಜಾಸ್ತಿ ಆಗೂದಿಲ್ಲ ಹೌದಲ್ರಿ?

ಗ್ರೂಪಿಗೆ ಸುದ್ದಿ ತಿಳಸೂದಿಲ್ರಿ. ನೀವು ಬ್ಯಾಡ ಅನ್ನದಿದ್ರೂ ಬ್ಯಾಡ ಅನಿಸ್ತು.

ನಾ ದಿನಾ ಶಿರೂರಿಗೆ ಹೋಗಾಕತ್ತೇನಿ. ಗಾಳಿ ಚೊಲೊ ಐತಿ. ಜಿಲ್ಲಾ ಟೀಮಿನಾಗ ನನ್ನ ಹೆಸರು ಬರಬಹುದಂತ ಸರ್ ಅಂದಾರ. ನೀವು ಬರೂದ್ರಾಗ ನನ್ನ ಕೊರಳಾಗ ಪದಕ ಇರತೈತಿ.

ನಿಮಗ ಗೊತ್ತಾಗದಂಗ ದುವಾ ಮಾಡ್ತೇನಿ. ಗೊತ್ತಾದ್ರ ನಾಚಿಕಿ.

ರೂಬಿ


ಹೈದರಾಬಾದ್
10 ಆಗಸ್ಟ್ 2024

ರೂಬಿ,

ಹೆಣ್ಣ ಕೂಸು. ಕುಬಸದಾಗ ಅಂದವರ ಮಾತ ಖರೆ ಆತು. ಸೋಮವಾರ ಹೊಟ್ಟಿ ಕೊಯ್ದು ತಗದ್ರು. ಎರಡ ಕಿಲೋ ಇಲ್ಲ, ಆದ್ರ ಅಳೂ ದನಿ ಓಣಿಗೆಲ್ಲ ಕೇಳೂವಂಥಾದ್ದು. ನಾ ಕೇಳಿದ್ದು ಬಾಗಲದಾಚೆಯಿಂದ. ಒಂದ ಸಲ ಮುಖದ ಹತ್ತಿರ ಹಿಡದ್ರು, ಹಣಿ ನನ್ನ ಗಲ್ಲಕ್ಕ ಹತ್ತಿತು. ಆಮ್ಯಾಲ ಕೂಸುಗಳ ವಾರ್ಡಿಗೆ ಒಯ್ದ್ರು. ಈಗ ಅವ್ವನ ಕಡೆ ಐತಿ, ದವಾಖಾನಿ ಹಿಂದ ಒಂದ ಖೋಲಿ ಹಿಡದಾರ. ಐಸಿಯುದಾಗ ಸೋಂಕು ಹತ್ತತೈತಂತ ಒಳಗ ಬಿಡೂದಿಲ್ಲ. ಇವರು ಫೋನಿನಾಗ ಫೋಟೋ ತೋರಸ್ತಾರ. ಕೈ ಮಾತ್ರ ನನ್ನಂಗ ಅದಾವು.

ಇನ್ನ ಪಂಪಿನ ಸುದ್ದಿ. ಕೂಸು ಹೊರಗ ಬಂದ ಮ್ಯಾಲ ಕೆಲವರ ಹೃದಯ ಚೇತರಿಸ್ಕೋತೈತಂತ. ಅದಕ್ಕ ದಿನಾ ಪಂಪಿನ ವೇಗ ಒಂದೊಂದ ಮೆಟ್ಟಲ ಇಳಿಸಿ ನೋಡ್ತಾರ. ನಿನಗ ತಿಳಿಯೂವಂಗ ಹೇಳ್ತೇನಿ. ನಾ ಒಬ್ಬಾಕಿ ಹಿಂದ ಚಕ್ರಕ್ಕ ಚಕ್ರಾ ಹಚ್ಚಿಕೊಂಡು ಹೊಂಟೇನಿ. ಎದುರಿನ ಗಾಳಿ ಆಕಿ ತಿಂತಾಳ. ಈಗ ಆಕಿ ಬಾಜೂಕ ಸರಿಯಾಕತ್ತಾಳ, ಗಾಳಿ ನನ್ನ ಮುಖಕ್ಕ ಬರಾಕತ್ತೈತಿ.

ದೊಡ್ಡ ಡಾಕ್ಟರ್ ಎಕೋ ನೋಡಿ “ನಡುಮಧ್ಯ ಐತಿ” ಅಂದ್ರು. “ಮಶೀನ್ ಅರ್ಧಾ ಹೇಳತೈತಿ. ಉಳದ ಅರ್ಧಾ ನೀ ಹೇಳಬೇಕು. ಪಂಪ ಕಡಿಮಿ ಮಾಡಿದಾಗ ದಮ್ಮ ಹತ್ತತೈತೇನ?”

ಆರಾಮ ಐತ್ರಿ, ಅಂದೆ.

ಪಂಪ ತಗದ್ರ ವಾರ್ಡಿಗೆ ಕಳಸ್ತಾರ. ವಾರ್ಡಿನಾಗ ಕೂಸು ಮಗ್ಗಲಾಗ ಇರತೈತಿ.

ಗುರುಲಿಂಗವ್ವ


ವಿದ್ಯಾಗಿರಿ, ಬಾಗಲಕೋಟೆ
16 ಆಗಸ್ಟ್ 2024

ಅಕ್ಕಾ, ಮುಬಾರಕ್ ರಿ,

ಅಬ್ಬಾ ಅಂಗಡ್ಯಾಗ ಪೇಢೆ ಹಂಚ್ಯಾನ. ಗಿರಾಕಿಗೆ “ಮೊಮ್ಮಗಳು” ಅಂದನಂತ. ಈ ಮನಶ್ಯಾಗ ನಾ ಏನ ಹೇಳಲಿ.

ಆರಾಮ ಐತಿ ಅಂತ ಓದಿ ನಾ ಹಾಸ್ಟೆಲ್ ತುಂಬ ಓಡ್ಯಾಡಿದೆ. ನೀವು ಹಂಗ ಅಂದ್ರ ಮುಗೀತು. ಡಾಕ್ಟರಿಗೆ ನಿಮ್ಮ ವಿಡಿಯೋ ತೋರಸ್ರಿ, ಕಡೀ ಏರಿನಾಗ ಎಲ್ಲಾರೂ ಬಾಯಿ ತಗದಿರ್ತಾರ, ನೀವು ಪೂಜಾಕ ಕುಂತಂಗ ಇರ್ತೀರಿ. ಪಂಪ ತಗಸ್ಕೊಂಡು ಲಗೂ ಬರ್ರಿ. ಆಕಿ ಬಾಜೂಕ ಸರೀಲಿ, ನೀವು ಹೊಡದು ಮುಂದ ಹೋಗ್ರಿ.

ಕೂಸಿನ ಹೆಸರು ಏನ ಇಡ್ತೀರಿ? ರೂಬಿ ಅಂತ ಇಡ್ರಿ ಅನ್ನಾಕ ಬಂದೆ, ಪೆನ್ ತಡದೈತಿ.

ರೂಬಿ


ಹೈದರಾಬಾದ್
21 ಆಗಸ್ಟ್ 2024

ರೂಬಿ,

ಇದನ್ನ ಓದಿ ಹರದು ಒಗಿ.

ನನಗ ದಮ್ಮ ಹತ್ತೈತಿ. ಪಂಪ ಕೆಳಗಿನ ಮೆಟ್ಟಲಿಗೆ ತಂದಾಗೆಲ್ಲ ಹತ್ತೈತಿ. ಎದಿ ಮ್ಯಾಲ ಯಾರೋ ಕುಂತಂಗ ಆಗತೈತಿ, ಬೆರಳ ತಣ್ಣಗ ಆಗ್ತಾವು. ಡಾಕ್ಟರ್ ಬಂದಾಗ ಮೂಗಿನಾಗ ಉಸರ ತಗೊಂಡು ಗ್ವಾಡಿ ಮ್ಯಾಲಿನ ಗಡಿಯಾರ ನೋಡ್ತೇನಿ. ಆರಾಮ ಐತಿ ಅಂತೇನಿ. ನಂಬ್ಯಾರ. ಬರೂ ಸೋಮವಾರ ಪಂಪ ತಗೀತಾರ.

ಇದನ್ನ ಯಾರಿಗರ ಹೇಳಬೇಕಿತ್ತು. ಅವ್ವಗ ಹೇಳಿದ್ರ ಅಳ್ತಾಳ. ಇವರಿಗೆ ಹೇಳಿದ್ರ ಸೀದಾ ಡಾಕ್ಟರ್ ಖೋಲಿಗೆ ಹೋಗ್ತಾರ. ನೀ ದೂರ ಅದಿ. ನಿನಗ ಇದು ಮುಟ್ಟೂದ್ರಾಗ ಪಂಪ ತಗದಿರ್ತಾರ, ನಾ ಕೂಸಿನ ಮಗ್ಗಲಾಗ ಇರ್ತೇನಿ. ಎಷ್ಟೋ ಸಲ ಏರು ಮುಗಿಯೂತನಕ ದಮ್ಮ ಹಿಡದೇನಿ, ಮ್ಯಾಲ ಹೋದ್ರ ಇಳಿಜಾರ ಬರತೈತಿ. ಇದೂ ಹಂಗ ಆಗತೈತಿ. ಕೂಸು ಹುಟ್ಟಿ ಹದಿನೈದ ದಿನಾ ಆತು, ನಾ ಮುಟ್ಟಿದ್ದು ಒಂದ ಸಲ.

ಇನ್ನೊಂದು. ಈ ಹಂಗಾಮಿನಾಗ ಶಿರೂರಿಂದ ಹೊಳ್ಳಿ ಬರೂಮುಂದ ಗಾಳಿ ಎದುರ ಇರತೈತಿ. ಆ ರಸ್ತ್ಯಾಗ ನಾ ಹತ್ತ ವರ್ಷ ಸೈಕಲ್ ಹೊಡದೇನಿ, ಮಳಿಗಾಲದಾಗ ಒಂದ ದಿನಾನೂ ಗಾಳಿ ಬೆನ್ನಿಗೆ ಬಿದ್ದಿಲ್ಲ. ನೀ ಆ ದಿನಾ ಹೊಳ್ಳಿ ಬಂದೇ ಇಲ್ಲ ಅನಸತೈತಿ. ಬಿದ್ದೇನ? ನನ್ನ ಖುಷಿ ಮಾಡಾಕ ಗೆಲ್ಲಬ್ಯಾಡ. ಆರಾಮ ಆಗು.

ಯಾರಿಗೂ ಹೇಳಬ್ಯಾಡ.

ಗುರುಲಿಂಗವ್ವ


ವಿದ್ಯಾಗಿರಿ, ಬಾಗಲಕೋಟೆ
25 ಆಗಸ್ಟ್ 2024

ಅಕ್ಕಾರಿಗೆ,

ನಿಮ್ಮ ಪತ್ರಾ ನಿನ್ನಿ ಮಧ್ಯಾಹ್ನ ಮುಟ್ಟಿತ್ರಿ. ನರ್ಸ್ ಸ್ಪೀಡ್ ಪೋಸ್ಟ್ ಮಾಡ್ಯಾರ. ನಿಮಗ ಅದು ಗೊತ್ತಿರಲಿಕ್ಕಿಲ್ಲ.

ನಾ ಹರೀಲಿಲ್ಲ. ಮೂರ ಸಲ ಓದಿ ಶಿವಬಸವ್ವ ಮೇಡಂ ಖೋಲಿಗೆ ಹೋದೆ. “ನನ್ನ ಫೋನ್ ಕೊಡ್ರಿ” ಅಂದೆ. “ಇವತ್ತ ಶನಿವಾರ” ಅಂದ್ರು. ಪತ್ರಾ ಅವರ ಕೈಯಾಗ ಕೊಟ್ಟೆ. ಓದಿದ್ರು, ಕೀಲಿ ತಗದ್ರು. ಅವಸರದಾಗ ಮೊದಲ ಬ್ಯಾರೆ ಕೀಲಿ ಹಾಕಿದ್ರು.

ಗ್ರೂಪಿನಾಗಿದ್ದ ನಿಮ್ಮ ನಂಬರಿಗೆ ಹಚ್ಚಿದೆ. ನಾಗಲಿಂಗ ಅಣ್ಣಾರು ಎತ್ತಿದ್ರು. “ಯಾರು?” ಅಂದ್ರು. ರೂಬಿ, ಹುನಗುಂದದಾಕಿ, ಅಂದೆ. “ಹೋ, ನಮ್ಮ ಫ್ಯಾನ್ ಏನವಾ” ಅಂತ ನಕ್ರು. ಅವರು ನಗೂದ್ರಾಗ ಹೇಳಿಬಿಟ್ಟೆ. ಸಾಲಾಗಿ ಓದಿಬಿಟ್ಟೆ, ತಣ್ಣಗ ಆಗೂ ಬೆರಳು, ಗಡಿಯಾರ ನೋಡೂದು, ಎಲ್ಲಾ. ಓಡೂ ಸಪ್ಪಳ ಕೇಳಿಸ್ತು. ಫೋನ್ ಬಂದ್ ಮಾಡೂದು ಮರತು ಓಡಾಕತ್ತಿದ್ರು.

ನೀವು ಒಬ್ಬಾಕಿಗೆ ಹೇಳಿದ್ರಿ, ಆಕೀನೂ ಹೇಳಿಬಿಟ್ಲು. ಬೈರಿ. ಎಷ್ಟ ಬೇಕಷ್ಟ ಬೈರಿ.

ಬಿದ್ದಿದ್ದು ಖರೆ. ಶಿರೂರ ಕ್ರಾಸಿನಾಗ. ಕೊರಳ ಎಲಬು ಬಿರಕ ಬಿಟ್ಟೈತಿ. ಸೈಕಲ್ ಹತ್ತಿ ಎರಡ ತಿಂಗಳಾತು. ಟೀಮಿನಾಗ ನನ್ನ ಹೆಸರಿಲ್ಲ.

ರೂಬಿ


ಹೈದರಾಬಾದ್
31 ಆಗಸ್ಟ್ 2024

ರೂಬಿಗೆ,

ಪಂಪ ತಗೀಲಿಲ್ಲ. ವೇಗ ಮತ್ತ ಮ್ಯಾಲ ಏರಿಸ್ಯಾರ. ಇನ್ನ ತಗಿಯೂ ಮಾತಿಲ್ಲಂತ. ಬ್ಯಾರೆಯವರ ಹೃದಯ ಸಿಕ್ರ ಹಾಕ್ತಾರಂತ, ಸಿಗೂತನಕ ಇದ ಹಾಸಿಗಿ, ಇದ ಡಬ್ಬಿ. ಈಗ ಡಾಕ್ಟರ್ ನನ್ನ ಮಾತ ಕೇಳೂದಿಲ್ಲ. “ಆರಾಮ ಐತಿ” ಅಂದ್ರ ಇವರ ಕಡೆ ನೋಡ್ತಾರ.

ನಿನಗ ಕೂಸು ಅಂದ್ರೇನಂತ ಗೊತ್ತಿಲ್ಲ, ಅದಕ್ಕ ಫೋನ್ ಮಾಡಿದಿ. ನನ್ನ ಕೂಸಿಂದ ನನ್ನ ದೂರ ಇಟ್ಟಾಕಿ ನೀ. ಬ್ಯಾಡ ಅಂದಿದ್ದೆ. ಕನ್ನಡದಾಗ ಬರದಿದ್ದೆ.

ಪತ್ರಾ ಹಾಕಬ್ಯಾಡ.

ಗು.


ವಿದ್ಯಾಗಿರಿ, ಬಾಗಲಕೋಟೆ
12 ಸೆಪ್ಟೆಂಬರ್ 2024

ಅಕ್ಕಾರಿಗೆ,

ಹಾಕಬ್ಯಾಡ ಅಂದ್ರಿ, ಹಾಕೇನಿ. ಒಂದ ಸಲ ಮಾತ ಮೀರಿದಾಕಿಗೆ ಎರಡನೇ ಸಲ ಸಸಾರ.

ಕ್ಷಮಿಸ್ರಿ ಅನ್ನೂದಿಲ್ಲ. ಅಂದ್ರ ಮತ್ತ ಸುಳ್ಳಾಗತೈತಿ. ಆ ಫೋನ್ ಹೊಳ್ಳಿ ಕೈಯಾಗ ಕೊಟ್ರ ಹೊಳ್ಳಿ ಹಚ್ಚತೇನಿ. ಆದ್ರ ನೀವು ಕೂಸಿನ ಫೋಟೋ ನೋಡ್ಕೋತ ಮಕ್ಕೊಂಡಿರ್ತೀರಿ ಅಂತ ನೆನಪಾದಾಗ ಊಟ ಸೇರೂದಿಲ್ಲ.

ನಿನ್ನೆಯಿಂದ ಸೈಕಲ್ ಹತ್ತೇನಿ. ಗಾಳಿ ಎದುರ ಇತ್ತು. ಊರ ಅಗಸಿ ಬಾಗಲಾ ದಾಟೂದ್ರಾಗ ದಮ್ಮ ಹತ್ತಿತು, ಇಳದು ರಸ್ತೆ ಬಾಜೂಕ ಕುಂತೆ. ಎಲ್ಲಾರೂ ನೋಡಿದ್ರು.

ರೂಬಿ


ವಿದ್ಯಾಗಿರಿ, ಬಾಗಲಕೋಟೆ
28 ಸೆಪ್ಟೆಂಬರ್ 2024

ಅಕ್ಕಾ,

ಒಂದ ಬೈಗಳಾನರ ಬರೀರಿ. ಖಾಲಿ ಕವರ್ ಆದ್ರೂ ನಡೀತೈತಿ.

ರೂಬಿ


ಬದಾಮಿ
17 ಅಕ್ಟೋಬರ್ 2024

ಚಿರಂಜೀವಿ ರೂಬಿಗೆ ನಾಗಲಿಂಗ ಮಾಡುವ ಶರಣಾರ್ಥಿ.

ನನಗೆ ಪತ್ರ ಬರೆದು ರೂಢಿಯಿಲ್ಲ. ಫೋನಿನಲ್ಲಿ ಹೇಳಬಹುದಿತ್ತು. ಅವಳು ನಿನಗೆ ಕಾಗದದಲ್ಲೇ ಬರೆಯುತ್ತಿದ್ದಳು, ಆದ್ದರಿಂದ ಕಾಗದದಲ್ಲೇ ತಿಳಿಸುತ್ತಿದ್ದೇನೆ.

ಮಹಾನವಮಿ ಅಮಾವಾಸ್ಯೆಯ ದಿನ ಗುರುಲಿಂಗವ್ವ ಲಿಂಗೈಕ್ಯಳಾದಳು. ಪಂಪಿನ ಬಳಿ ಹೆಪ್ಪುಗಟ್ಟಿದ ರಕ್ತ ಮೆದುಳಿಗೆ ಹೋಯಿತಂತೆ. ಅಂಥದ್ದು ಆಗಬಹುದೆಂದು ಮೊದಲೇ ಹೇಳಿದ್ದರು. ಹೊಂದುವ ಹೃದಯ ಸಿಗಲಿಲ್ಲ. ಹಿಂದಿನ ದಿನ ಮಧ್ಯಾಹ್ನ ಕೂಸಿನ ಉಗುರು ಕತ್ತರಿಸಬೇಕೆಂದು ನನ್ನೊಡನೆ ಜಗಳವಾಡಿದ್ದಳು. ಊರಿಗೆ ತಂದು ಎಲ್ಲ ಕಾರ್ಯ ಮುಗಿಸಿದೆವು. ನಿನಗೆ ತಿಳಿಸಲು ತಡವಾಯಿತು.

ನೀನು ಫೋನ್ ಮಾಡಿದ ಶನಿವಾರದ ಮಾತು ಹೇಳಬೇಕು. ನಾನು ಓಡಿಹೋಗಿ ದೊಡ್ಡ ಡಾಕ್ಟರನ್ನು ಕರೆತಂದೆ. ಅವರು ಅವಳ ಎದುರೇ ಪಂಪಿನ ವೇಗ ಇಳಿಸಿ, ಈ ಸಲ ಏನೂ ಕೇಳದೆ, ಅವಳ ಪಾದ ಹಿಡಿದುಕೊಂಡು ಕುಳಿತರು. ಪಾದ ತಣ್ಣಗಾಗುತ್ತ ಬಂತು. ಕೂಡಲೇ ಮತ್ತೆ ಏರಿಸಿದರು. ಅವಳು ನನ್ನ ಕಡೆ ತಿರುಗಿ, “ಯಾರ ಹೇಳಿದ್ರು ನಿಮಗ?” ಅಂದಳು. ನಾನು ಹೇಳಿದೆ. ಆಮೇಲೆ ಎರಡು ದಿನ ಮಾತಾಡಲಿಲ್ಲ.

ಸಿಟ್ಟು ತಣಿದ ಮೇಲೆ ಅಲ್ಲ, ಸಿಟ್ಟಿನಲ್ಲೇ ಒಂದು ದಿನ ಡಾಕ್ಟರನ್ನು ಕೇಳಿದಳು: “ಆ ಸೋಮವಾರ ತಗದಿದ್ರ?”

ಅವರು ಕನ್ನಡ ಬಲ್ಲವರು. “ನೀನು ಆ ವಾರಾನೂ ಬದಕತಿದ್ದಿಲ್ಲ” ಅಂದರು.

ಅವಳು ಗೋಡೆಯ ಕಡೆ ಹೊರಳಿದಳು. ಅಲ್ಲಿಂದಲೇ, “ಹಂಗಾದ್ರ ಕೂಸನ್ನ ಇಲ್ಲಿಗೇ ತರ್ರಿ. ಇಲ್ಲಾಂದ್ರ ಈ ವಾಯರ್ ನಾನ ಕೀಳ್ತೇನಿ” ಅಂದಳು. ಡಾಕ್ಟರು ಹೆದರಿದರೋ, ಕರುಣೆ ಬಂತೋ, ನನಗೆ ತಿಳಿಯದು. ಮರುದಿನದಿಂದ ಮಧ್ಯಾಹ್ನ ಒಂದಿಷ್ಟು ಹೊತ್ತು ಕೂಸನ್ನು ಒಳಗೆ ಬಿಟ್ಟರು. ಕೈ ತೊಳೆದು, ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಅತ್ತೆಯವರು ಒಯ್ಯುತ್ತಿದ್ದರು. ವಾಯರು ಬಲಕ್ಕೆ, ಕೂಸು ಎಡಕ್ಕೆ. ಪಂಪಿನ ಗುಂಯ್ ಸದ್ದಿಗೆ ಕೂಸು ನಿದ್ದೆ ಹೋಗುತ್ತಿತ್ತು. ಈಗ ಮನೆಯಲ್ಲಿ ಸದ್ದಿಲ್ಲದ್ದಕ್ಕೆ ಮಲಗುವುದಿಲ್ಲ. ಮಿಕ್ಸರ್ ಹಚ್ಚಿ ಮಲಗಿಸುತ್ತೇವೆ. ಹೆಸರು ನೀಲಾಂಬಿಕಾ. ಅವಳೇ ಇಟ್ಟಳು.

ಆಮೇಲೆ ನಿನ್ನ ಎರಡು ಪತ್ರ ಬಂದವು. ನಾನೇ ಓದಿ ಹೇಳಿದೆ. ನೀನು ರಸ್ತೆ ಬದಿಗೆ ಇಳಿದು ಕುಳಿತದ್ದನ್ನು ಓದಿದಾಗ, “ಇನ್ನೂ ಹ್ಯಾಂಡಲ್ ಬಿಗಿಯಾಗಿ ಹಿಡೀತಿರಬೇಕು, ಅದಕ್ಕ ಸುಸ್ತಾಗತೈತಿ ಹುಚ್ಚಿಗೆ” ಅಂದಳು. “ಹಂಗಂತ ಬರಿಯಲಾ?” ಅಂದೆ. “ಬ್ಯಾಡ” ಅಂದಳು. “ಆ ಹುಡುಗಿಗೆ ಒಂದ ಮಾತರ ಬರಿ” ಎಂದು ಎರಡನೆಯ ಪತ್ರ ಬಂದಾಗಲೂ ಹೇಳಿದೆ.

“ಸಿಟ್ಟ ಇನ್ನೂ ಐತಿ. ಇಳದ ಮ್ಯಾಲ ಬರೀತೇನಿ. ಸಿಟ್ಟ ಇಟ್ಕೊಂಡು ಚೊಲೊ ಮಾತ ಬರಿಯಾಕ ನನಗ ಬರೂದಿಲ್ಲ.”

ಅಷ್ಟರಲ್ಲಿ ಅಮಾವಾಸ್ಯೆ ಬಂತು. ಸಿಟ್ಟು ಹೋಗಿತ್ತು ಎಂದು ನಿನಗೆ ಬರೆಯಬೇಕೆಂದುಕೊಂಡೆ. ಎರಡು ಸಲ ಬರೆದು ಹರಿದೆ. ನನಗೆ ಗೊತ್ತಿಲ್ಲದ್ದನ್ನು ಹೇಗೆ ಬರೆಯಲಿ?

ಇಂತಿ,
ನಾಗಲಿಂಗ


ವಿದ್ಯಾಗಿರಿ, ಬಾಗಲಕೋಟೆ
24 ಅಕ್ಟೋಬರ್ 2024

ಅಣ್ಣಾರಿಗೆ ರೂಬಿ ಮಾಡೂ ಸಲಾಮು.

ಪತ್ರಾ ಮುಟ್ಟಿತ್ರಿ. ಮೇಡಂ ಖೋಲ್ಯಾಗ ಕುಂತು ಓದಿದೆ. ಅವರು ಅರ್ಧಕ್ಕ ಎದ್ದು, ಬಾಗಲಾ ಮುಂದ ಮಾಡಿ ಹೊರಗ ನಿಂತ್ರು. ಯಾರನ್ನೂ ಒಳಗ ಬಿಡಲಿಲ್ಲ.

ಅಬ್ಬಾ ಸುದ್ದಿ ಕೇಳಿ ಎರಡ ದಿನ ಅಂಗಡಿ ತಗೀಲಿಲ್ಲ. ಮೂರನೇ ದಿನ ಗಿರಾಕಿ ಯಾಕ ಮುಚ್ಚಿದ್ದಿ ಅಂತ ಕೇಳಿದ್ರ “ದೊಡ್ಡ ಮಗಳು ತೀರಿಕೊಂಡ್ಲು” ಅಂದನಂತ. ಆ ಮನಶ್ಯಾ ಸೈಕಲ್ ಅಲ್ಲೇ ಬಿಟ್ಟು, ಅಬ್ಬಾನ ಜೋಡಿ ಕುಂತನಂತ.

ಎಲ್ಲಾರೂ ನೀ ಮಾಡಿದ್ದು ಸರಿ ಐತಿ ಅಂತಾರ್ರಿ. ಈರಪ್ಪ ಸರ್ ಅಂತಾರ, ಮೇಡಂ ಅಂತಾರ. ನಾ ಹೂಂ ಅಂತೇನಿ. ಆಮ್ಯಾಲ ಅಕ್ಕಾರ ಕಡೀ ಪತ್ರಾ ತಗದು ಓದತೇನಿ, ಪತ್ರಾ ಹಾಕಬ್ಯಾಡ ಅಂದದ್ದು. ಹರದು ಒಗಿ ಅಂತ ಮೇಡಂ ಅಂದ್ರು. ಆಗೂದಿಲ್ರಿ.

ಸಿಟ್ಟ ಹೋಗಿತ್ತು ಅಂತ ನೀವು ಬರದಿದ್ರ ನಾ ನಂಬತಿದ್ದೆ. ಬರೀಲಿಲ್ಲ, ಚೊಲೊ ಮಾಡಿದ್ರಿ. ಕೂಸನ್ನ ಎಡಗಡೆ ಮಲಗಿಸಿಕೊಂಡಾಗನೂ ನನ್ನ ಮ್ಯಾಲ ಸಿಟ್ಟ ಇತ್ತು, ಉಗುರಿಗೆ ಜಗಳಾ ಆಡಿದ ದಿನಾನೂ ಇತ್ತು. ಇರ್ಲಿ ಬಿಡ್ರಿ. ಸಿಟ್ಟ ಮಾಡಾಕ ಅಷ್ಟ ದಿನಾ ಅಕ್ಕಾರು ಇದ್ರಲ್ರಿ.

ರೂಬಿ